ಮೀನುಗಾರಿಕೆಯ ಕಯಾಕ್: ಸಲಕರಣೆಗಳ ಜೋಡಣೆ ಮತ್ತು ಪ್ರಾಣರಕ್ಷಣೆ

ನೀರಿನ ಮೇಲಿನ ವಿಹಾರವು ದೇಹಕ್ಕೆ ವ್ಯಾಯಾಮವನ್ನೂ ಮನಸ್ಸಿಗೆ ವಿಶ್ರಾಂತಿಯನ್ನೂ ಏಕಕಾಲದಲ್ಲಿ ಒದಗಿಸುವ ಹವ್ಯಾಸ. ವಾರದ ಆರು ದಿನಗಳನ್ನು ರೈಲಿನ ನೂಕುನುಗ್ಗಲಿನಲ್ಲಿಯೂ ಕಚೇರಿಯ ಕುರ್ಚಿಯಲ್ಲಿಯೂ ಕಳೆಯುವ ನಮ್ಮ ತರುಣರು ಏಳನೆಯ ದಿನ ಕೆರೆ, ಹಿನ್ನೀರು, ಅಳಿವೆಗಳ ಕಡೆಗೆ ಮುಖ ಮಾಡುವುದು ಸಂತೋಷದ ಸಂಗತಿಯೇ ಸರಿ. ಅವರಲ್ಲಿ ಕೆಲವರು ಈಗ ಕಯಾಕ್ ಎಂಬ ಕಿರುದೋಣಿಯನ್ನು ಕೊಂಡು, ಗಾಳ ಹಾಕಿ ಮೀನು ಹಿಡಿಯುವ ಹವ್ಯಾಸವನ್ನು ಬೆಳೆಸಿಕೊಳ್ಳುತ್ತಿದ್ದಾರೆ. ದೋಣಿ ಬಂದ ಮೇಲೆ ಅದಕ್ಕೆ ಗಾಳದ ಕೋಲಿನ ಹಿಡಿಕೆ, ಲಂಗರು, ಮೀನುಶೋಧಕ ಯಂತ್ರ, ಪೆಟ್ಟಿಗೆ ಎಂದು ಒಂದೊಂದೇ ಸಲಕರಣೆ ಸೇರುತ್ತದೆ. ಇವನ್ನು ಹೇಗೆ ಜೋಡಿಸಬೇಕೆಂಬುದು ಮೇಲುನೋಟಕ್ಕೆ ತಿರುಪು, ಮೊಳೆಗಳ ಸಣ್ಣ ವಿಷಯವೆಂದು ತೋರಬಹುದು. ಆರೋಗ್ಯ ಲೇಖನಗಳ ನಡುವೆ ಇದಕ್ಕೇನು ಸ್ಥಾನವೆಂದು ಓದುಗರು ಕೇಳಿದರೆ, ಒಂದು ಘಟನೆಯೇ ಅದಕ್ಕೆ ಉತ್ತರ.

ನನ್ನ ಸೋದರಳಿಯನೊಬ್ಬನು ಕೊಂಕಣ ತೀರದ ಅಳಿವೆಯೊಂದರಲ್ಲಿ ತನ್ನ ಹೊಸ ಕಯಾಕಿನಲ್ಲಿ ಹೊರಟಿದ್ದನು. ಗಾಳದ ಕೋಲಿನ ಹಿಡಿಕೆಯೊಂದನ್ನು ದೋಣಿಯ ಪಕ್ಕದ ಅಂಚಿನಲ್ಲಿ ತಾನೇ ನಾಲ್ಕು ತಿರುಪುಗಳಿಂದ ಬಿಗಿದಿದ್ದನು. ದೊಡ್ಡ ಮೀನೊಂದು ಕಚ್ಚಿತು. ಹಿಡಿಕೆಯು ಕೋಲಿನ ಸಮೇತ ಕಿತ್ತು ನೀರಿಗೆ ಹೋಯಿತು. ಹೋದದ್ದು ಹೋಯಿತೆಂದು ಅವನು ಹುಟ್ಟು ಹಾಕುತ್ತಲೇ ಇದ್ದನು. ಅಲೆಗಳು ಅಂಚನ್ನು ಮುಳುಗಿಸಿದಾಗಲೆಲ್ಲ ಆ ನಾಲ್ಕು ತೂತುಗಳಿಂದ ಒಡಲಿನೊಳಕ್ಕೆ ನೀರು ಸೇರುತ್ತಿದ್ದುದು ಅವನಿಗೆ ಕಾಣಲಿಲ್ಲ. ಅರ್ಧ ಗಂಟೆಯ ಮೇಲೆ, ಹಿಂದಿರುಗಿ ನೋಡಲೆಂದು ಸ್ವಲ್ಪ ವಾಲಿದ್ದೇ ತಡ, ದೋಣಿ ಮಗುಚಿತು. ಜೀವರಕ್ಷಕ ಜಾಕೆಟ್ಟು ತೊಟ್ಟಿದ್ದುದರಿಂದಲೂ ಸಮೀಪದಲ್ಲಿದ್ದ ಬೆಸ್ತರು ಕೂಗು ಕೇಳಿ ಬಂದುದರಿಂದಲೂ ಅವನು ಇಂದು ನಮ್ಮ ನಡುವೆ ಇದ್ದಾನೆ. ಆಮೇಲೆ ಆ ದೋಣಿಯನ್ನು ತಿರುವಿ ನೋಡಿದೆ. ಪೆನ್ಸಿಲು ತೂರುವಷ್ಟು ಅಗಲದ ನಾಲ್ಕು ತೂತುಗಳು, ಅಷ್ಟೆ.

ವಿಶ್ವ ಆರೋಗ್ಯ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ವರದಿಯಂತೆ, 2021ರಲ್ಲಿ ಜಗತ್ತಿನಾದ್ಯಂತ ಸುಮಾರು 3 ಲಕ್ಷ ಜನರು ನೀರಿನಲ್ಲಿ ಮುಳುಗಿ ಸತ್ತರು. ಆದುದರಿಂದ ನೀರಿನ ಮೇಲಿನ ಜಾಗರೂಕತೆಯೂ ಆರೋಗ್ಯಶಾಸ್ತ್ರದ ಒಂದು ಭಾಗವೇ.

ಹಳೆಯ ದೋಣಿ, ಹಳೆಯ ಜಾಣ್ಮೆ

ಕಯಾಕ್ ಎಂಬುದು ಉತ್ತರ ಧ್ರುವದ ಸಮೀಪದ ಗ್ರೀನ್‌ಲೆಂಡ್, ಕೆನಡ, ಅಲಾಸ್ಕಗಳ ಇನ್ಯೂಟ್ ಮತ್ತು ಅವರ ನೆರೆಯ ಜನಾಂಗಗಳ ದೋಣಿ. ತೇಲಿಬಂದ ಮರದ ತುಂಡುಗಳಿಂದಲೂ ತಿಮಿಂಗಿಲದ ಎಲುಬಿನಿಂದಲೂ ಚೌಕಟ್ಟನ್ನು ಕಟ್ಟಿ, ಅದರ ಮೇಲೆ ಸೀಲ್ ಎಂಬ ಕಡಲಪ್ರಾಣಿಯ ಚರ್ಮವನ್ನು ಹೊಲಿದು ಅದನ್ನು ಸಿದ್ಧಪಡಿಸುತ್ತಿದ್ದರು. ಚೌಕಟ್ಟಿಗೆ ಚರ್ಮ ಹೊದಿಸಿ ದೋಣಿ ಮಾಡುವ ವಿದ್ಯೆ ನಮಗೂ ಹೊಸದಲ್ಲ. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ತುಂಗಭದ್ರೆಯನ್ನು ದಾಟಿಸುತ್ತಿದ್ದ, ಬುಟ್ಟಿಯಂತೆ ದುಂಡಾದ, ಹೊರಗೆ ತೊಗಲು ಹೊದಿಸಿದ ಹರಿಗೋಲುಗಳನ್ನು ಕುರಿತು ಬರೆದಿದ್ದಾನೆ.

ಇನ್ಯೂಟ್ ಬೇಟೆಗಾರನ ದೋಣಿಯ ಮೇಲೆಯೂ ಸಲಕರಣೆಗಳು ಇರುತ್ತಿದ್ದವು: ಈಟಿ, ಅದರ ಹಗ್ಗ, ಗಾಳಿ ತುಂಬಿದ ಸೀಲ್ ಚರ್ಮದ ತೇಲುಬುರುಡೆ. ಆದರೆ ಒಂದೊಂದು ಸಲಕರಣೆಗೂ ಅವನು ದೋಣಿಗೆ ತೂತು ಕೊರೆಯುತ್ತಿರಲಿಲ್ಲ. ದೋಣಿಯ ಮೇಲ್ಮೈಗೆ ಅಡ್ಡಡ್ಡಲಾಗಿ ಚರ್ಮದ ಪಟ್ಟಿಗಳನ್ನು ಕಟ್ಟಿ, ಎಲುಬಿನ ಗುಂಡುಗಳನ್ನು ಸರಿಸಿ ಬಿಗಿಮಾಡಿ, ಅವುಗಳ ಕೆಳಗೆ ಆಯುಧಗಳನ್ನು ಸಿಕ್ಕಿಸುತ್ತಿದ್ದನು. ಇನ್ನೂ ಗಮನಾರ್ಹವಾದುದೇನೆಂದರೆ, ಈಟಿಯ ಹಗ್ಗವನ್ನು ಅವನು ದೋಣಿಗೆ ಕಟ್ಟುತ್ತಿರಲಿಲ್ಲ, ತೇಲುಬುರುಡೆಗೆ ಕಟ್ಟುತ್ತಿದ್ದನು. ಗಾಯಗೊಂಡ ಪ್ರಾಣಿ ಮುಳುಗಿದರೆ ಬುರುಡೆಯನ್ನು ಎಳೆದುಕೊಂಡು ಹೋಗುತ್ತಿತ್ತೇ ಹೊರತು ದೋಣಿಯನ್ನಲ್ಲ. ಇಂದಿನ ಕಯಾಕಿಗನು ಕಲಿಯಬೇಕಾದ ಎರಡು ಮುಖ್ಯ ಪಾಠಗಳೂ ಇದರಲ್ಲಿವೆ: ಸಾಧ್ಯವಾದಷ್ಟು ತೂತು ಕೊರೆಯದಿರುವುದು, ಮತ್ತು ಬಿಡಬೇಕಾದುದನ್ನು ತಕ್ಷಣ ಬಿಡುವಂತೆ ಕಟ್ಟುವುದು.

ಒಡಲಿನ ಸ್ವಭಾವ

ಇಂದು ಮೀನುಗಾರಿಕೆಗೆ ಬಳಸುವ ಕಯಾಕುಗಳು ಬಹುಮಟ್ಟಿಗೆ ಪಾಲಿಥಿಲೀನ್ ಎಂಬ ಪ್ಲಾಸ್ಟಿಕ್ಕಿನವು. ಅಚ್ಚಿನೊಳಗೆ ಪ್ಲಾಸ್ಟಿಕ್ ಪುಡಿಯನ್ನು ಹಾಕಿ, ಕಾಯಿಸುತ್ತ ತಿರುಗಿಸಿ, ಟೊಳ್ಳಾದ ಒಂದೇ ಒಡಲನ್ನು ಎರೆಯುತ್ತಾರೆ. ಸವಾರನು ಒಳಗೆ ಕಾಲು ಚಾಚಿ ಕೂರುವ ಬದಲು ಮೇಲೆಯೇ ಕೂರುವ ಮಾದರಿ 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯ ತೀರದಲ್ಲಿ ರೂಪುಗೊಂಡು, ಗಾಳದವರಿಗೆ ಅಚ್ಚುಮೆಚ್ಚಾಯಿತು. ಅದರ ಮೇಲೆ ಬಿದ್ದ ನೀರು ಒಡಲನ್ನು ಹಾದುಹೋಗುವ ಕೊಳವೆಗಳ ಮೂಲಕ ಕೆಳಕ್ಕೆ ಇಳಿದುಹೋಗುತ್ತದೆ. ಆದರೆ ಒಡಲಿನ ಒಳಕ್ಕೆ ಹೊಕ್ಕ ನೀರಿಗೆ ಹೊರಗೆ ಹೋಗಲು ದಾರಿಯಿಲ್ಲ.

ಪಾಲಿಥಿಲೀನ್ ಗಟ್ಟಿಮುಟ್ಟಾದ ವಸ್ತುವಾದರೂ ಜೋಡಣೆಯ ದೃಷ್ಟಿಯಿಂದ ಅದಕ್ಕೆ ಮೂರು ದೋಷಗಳಿವೆ. ಮೊದಲನೆಯದಾಗಿ, ಅದಕ್ಕೆ ಅಂಟು ಹಿಡಿಯುವುದಿಲ್ಲ. ಸ್ನಾನಗೃಹದ ಸಂದುಗಳಿಗೆ ಮೆತ್ತುವ ಸಿಲಿಕೋನ್ ಕೂಡ ಅದರ ಮೇಲೆ ಕೆಲಕಾಲ ಕುಳಿತಂತೆ ಕಂಡು ಆಮೇಲೆ ಸಿಪ್ಪೆಯಂತೆ ಏಳುತ್ತದೆ. ಎರಡನೆಯದಾಗಿ, ಅದು ಮೆತ್ತಗಿನ ವಸ್ತು. ಒಂದೇ ಕಡೆ ಬಹುಕಾಲ ಒತ್ತಡ ಬಿದ್ದರೆ ನಿಧಾನವಾಗಿ ಜಗ್ಗುತ್ತದೆ. ಮೂರನೆಯದಾಗಿ, ಬಿಸಿಲಿಗೆ ಬಹಳವಾಗಿ ಹಿಗ್ಗುತ್ತದೆ. ಒಂದು ಮೀಟರು ಉದ್ದದ ಪಾಲಿಥಿಲೀನ್ ಒಂದು ಡಿಗ್ರಿ ಉಷ್ಣಕ್ಕೆ ಸುಮಾರು 0.15 ಮಿಲಿಮೀಟರು ಹಿಗ್ಗುತ್ತದೆ. ಉಕ್ಕು ಹಿಗ್ಗುವುದು ಅದರ ಸುಮಾರು ಹತ್ತನೆಯ ಒಂದು ಪಾಲು ಮಾತ್ರ. ಮೂರೂವರೆ ಮೀಟರಿನ ದೋಣಿಯು ಬೆಳಗಿನ ತಂಪಿಗಿಂತ ಮಧ್ಯಾಹ್ನದ ಉರಿಬಿಸಿಲಿನಲ್ಲಿ 30 ಡಿಗ್ರಿ ಹೆಚ್ಚು ಕಾದರೆ ಸುಮಾರು ಒಂದೂವರೆ ಸೆಂಟಿಮೀಟರಿನಷ್ಟು ಉದ್ದವಾಗುತ್ತದೆ. ಲೋಹವು ಹಾಗೆ ಹಿಗ್ಗದ ಕಾರಣ, ಬೋಲ್ಟಿನ ತೂತು ದಿನದಿನಕ್ಕೂ ಸವೆದು, ಬಿಗಿ ಸಡಿಲವಾಗುತ್ತದೆ. ಒಮ್ಮೆ ಬಿಗಿದುದು ಎಂದೆಂದಿಗೂ ಬಿಗಿಯಾಗಿರುವುದೆಂಬ ಭ್ರಮೆ ಆದ್ದರಿಂದ ಸಲ್ಲದು.

ಸೆಳೆತದ ಲೆಕ್ಕ

ಹಿಡಿಕೆಯೊಂದನ್ನು ಕೈಯಿಂದ ಅಲುಗಾಡಿಸಿ ನೋಡಿ ಗಟ್ಟಿಯಾಗಿದೆ ಎಂದುಕೊಳ್ಳುವವರು ಸನ್ನೆಗೋಲಿನ ತತ್ವವನ್ನು ಮರೆಯುತ್ತಾರೆ. ಎರಡು ಮೀಟರು ಉದ್ದದ ಗಾಳದ ಕೋಲಿನ ತುದಿಯನ್ನು ಮೀನು ಕೇವಲ ಐದು ಕಿಲೋ ಬಲದಿಂದ ಅಡ್ಡಲಾಗಿ ಎಳೆಯಿತೆನ್ನೋಣ. ಹಿಡಿಕೆಯ ಬುಡದಲ್ಲಿರುವ ಬೋಲ್ಟುಗಳ ನಡುವಣ ಅಂತರ ಹತ್ತು ಸೆಂಟಿಮೀಟರು. ಎರಡು ಮೀಟರು ಎಂಬುದು ಹತ್ತು ಸೆಂಟಿಮೀಟರಿನ ಇಪ್ಪತ್ತರಷ್ಟು; ಆದುದರಿಂದ ಬೋಲ್ಟುಗಳ ಮೇಲೆ ಬೀಳುವ ಸೆಳೆತ ಐದು ಕಿಲೋ ಅಲ್ಲ, ನೂರು ಕಿಲೋ. ಐದಾರು ಮಿಲಿಮೀಟರು ದಪ್ಪದ ಮೆತ್ತನೆಯ ಗೋಡೆಯಲ್ಲಿ ತಿರುಪಿನ ಎರಡು ಮೂರು ಸುತ್ತುಗಳಷ್ಟೇ ಕಚ್ಚಿಕೊಳ್ಳಬಲ್ಲವು. ಅವು ಆ ಸೆಳೆತವನ್ನು ತಡೆದಾವೆಂದು ನಂಬುವುದು ಹೇಗೆ?

ಇದರಿಂದ ಮೂರು ನಿಯಮಗಳು ಹೊರಡುತ್ತವೆ. ಸೆಳೆತ ಬೀಳುವ ಸಲಕರಣೆಗೆ ಪ್ಲಾಸ್ಟಿಕ್ಕಿಗೆ ತಾನೇ ಕಚ್ಚುವ ತಿರುಪುಗಳನ್ನು ಬಳಸಕೂಡದು. ಹಿಡಿಕೆಯ ಪೀಠವು ಅಗಲವಾಗಿದ್ದಷ್ಟೂ ಒಳ್ಳೆಯದು. ಕೋಲನ್ನು ಹಿಡಿಕೆಯಲ್ಲಿ ನಿಲ್ಲಿಸಿರುವಾಗ ಗಾಳದ ರಾಟೆಯ ಬಿಗಿಯನ್ನು ಸಡಿಲವಾಗಿಟ್ಟಿರಬೇಕು. ಆಗ ಮೀನು ಎಳೆದರೆ ದಾರ ಬಿಚ್ಚಿಕೊಳ್ಳುವುದೇ ಹೊರತು ದೋಣಿ ಬಿರಿಯುವುದಿಲ್ಲ.

ತೂತು ಕೊರೆಯದ ವಿಧಾನಗಳು

ಹೊಸಬರು ಮೊದಲ ಕೆಲವು ತಿಂಗಳು ಬೈರಿಗೆಯನ್ನು ಮುಟ್ಟದಿರುವುದೇ ಲೇಸು. ಯಾವ ಸಲಕರಣೆ ಎಲ್ಲಿರಬೇಕೆಂಬುದು ನೀರಿನ ಮೇಲೆ ಹಲವು ಸಲ ಹೋಗಿಬಂದ ಮೇಲೆಯೇ ತಿಳಿಯುತ್ತದೆ. ಈಗಿನ ಅನೇಕ ಕಯಾಕುಗಳಲ್ಲಿ ತಯಾರಕರೇ ಅಂಚಿನುದ್ದಕ್ಕೆ ಲೋಹದ ಹಳಿಗಳನ್ನು ಕೂರಿಸಿರುತ್ತಾರೆ. ಅದರ ಗಾಡಿಯೊಳಗೆ ಬೋಲ್ಟಿನ ತಲೆಯನ್ನು ಜಾರಿಸಿ, ಬೇಕಾದ ಕಡೆ ತಿರುಗಿಸಿ ಬಿಗಿಗೊಳಿಸಬಹುದು. ಅಂತಹ ಹಳಿಯಿದ್ದರೆ ಅದನ್ನೇ ಉಪಯೋಗಿಸತಕ್ಕದ್ದು.

ಸಣ್ಣಪುಟ್ಟ ಸಾಮಾನುಗಳಿಗೆ ಹಾಲಿನ ಕ್ರೇಟಿನಂತಹ ಪೆಟ್ಟಿಗೆ ಅಗ್ಗವೂ ಉತ್ತಮವೂ ಆದ ಉಪಾಯ. ಆಸನದ ಹಿಂದಿನ ತಗ್ಗಿನಲ್ಲಿ ಅದನ್ನಿಟ್ಟು, ದೋಣಿಯಲ್ಲಿ ಮೊದಲೇ ಇರುವ ಕೊಂಡಿಗಳಿಗೆ ಎರಡು ಪಟ್ಟಿಗಳನ್ನು ಅಡ್ಡಡ್ಡ ಎಳೆದು ಕಟ್ಟಿದರೆ ಸಾಕು. ಕೋಲು ನಿಲ್ಲಿಸುವ ಕೊಳವೆಗಳನ್ನು ಆ ಪೆಟ್ಟಿಗೆಗೇ ಬಿಗಿಯಬಹುದು. ದೋಣಿಯ ಒಡಲಿಗೆ ಒಂದೂ ತೂತು ಬೀಳುವುದಿಲ್ಲ. ಹಿಗ್ಗುವ ರಬ್ಬರು ಹಗ್ಗವು ಹಗುರ ವಸ್ತುಗಳಿಗೆ ಮಾತ್ರ ಯೋಗ್ಯ; ಭಾರದ ಪೆಟ್ಟಿಗೆಗೆ ಹಿಗ್ಗದ ಪಟ್ಟಿಯೇ ಬೇಕು. ದೋಣಿ ಮಗುಚಿದಾಗ ರಬ್ಬರು ಹಿಗ್ಗಿ ಎಲ್ಲವನ್ನೂ ನೀರಿಗೆ ಸುರಿಯುತ್ತದೆ.

ಕೊರೆಯಲೇಬೇಕಾದಾಗ

ಕೊರೆಯುವುದು ಅನಿವಾರ್ಯವಾದರೆ ಈ ಕ್ರಮವನ್ನು ಅನುಸರಿಸಬಹುದು.

1. ದೋಣಿಯನ್ನು ನೆಲದ ಮೇಲಿಟ್ಟು, ಅದರಲ್ಲಿ ಕುಳಿತು, ಹುಟ್ಟನ್ನು ಆಡಿಸಿ ನೋಡಬೇಕು. ಹುಟ್ಟಿಗೂ ಮೊಣಕಾಲಿಗೂ ಅಡ್ಡಿಯಾಗದ, ಆದರೆ ಬೆನ್ನು ತಿರುಚದೆ ಕೈಗೆಟಕುವ ಸ್ಥಳವನ್ನು ಗುರುತುಮಾಡಬೇಕು. ಸವಾರನು ಸಾಮಾನುಗಳೊಡನೆ ಕುಳಿತಾಗ ನೀರು ಮುಟ್ಟುವ ಮಟ್ಟಕ್ಕಿಂತ ಕೆಳಗೆ ಎಂದಿಗೂ ಕೊರೆಯಕೂಡದು.

2. ಮುಚ್ಚಳದ ಮೂಲಕ ಕೈಯನ್ನೋ ಟಾರ್ಚಿನ ಬೆಳಕನ್ನೋ ಒಳಗೆ ಹಾಯಿಸಿ, ಆ ಸ್ಥಳದ ಹಿಂದೆ ಏನಿದೆಯೆಂದು ನೋಡಬೇಕು. ನೀರಿಳಿಯುವ ಕೊಳವೆಯಾಗಲಿ ಚುಕ್ಕಾಣಿಯ ತಂತಿಯಾಗಲಿ ಅಲ್ಲಿದ್ದರೆ ಬೇರೆ ಜಾಗ ಹುಡುಕಬೇಕು.

3. ಗುರುತಿನ ಮೇಲೆ ಕಾಗದದ ಟೇಪನ್ನು ಅಂಟಿಸಿದರೆ ಬೈರಿಗೆ ಜಾರುವುದಿಲ್ಲ. ಮೊದಲು ಮೂರು ಮಿಲಿಮೀಟರಿನ ಸಣ್ಣ ತೂತು, ಅನಂತರ ಬೋಲ್ಟಿನ ಅಳತೆಯ ತೂತು. ಬೈರಿಗೆ ಮೆಲ್ಲಗೆ ತಿರುಗಬೇಕು. ವೇಗ ಹೆಚ್ಚಾದರೆ ಪ್ಲಾಸ್ಟಿಕ್ ಕರಗಿ ತೂತು ಅಂಕುಡೊಂಕಾಗುತ್ತದೆ.

4. ಬೋಲ್ಟು, ನಟ್ಟು, ವಾಷರುಗಳೆಲ್ಲ ತುಕ್ಕುಹಿಡಿಯದ ಉಕ್ಕಿನವಾಗಿರಬೇಕು. ಉಪ್ಪುನೀರಿಗೆ 316 ಎಂಬ ದರ್ಜೆಯೇ ಸರಿ. ಅದರಲ್ಲಿ ಶೇಕಡ 2ರಿಂದ 3ರಷ್ಟು ಮಾಲಿಬ್ಡಿನಮ್ ಲೋಹ ಸೇರಿರುವುದರಿಂದ ಪಾತ್ರೆಗಳಿಗೆ ಬಳಸುವ 304 ದರ್ಜೆಗಿಂತ ಹೆಚ್ಚಾಗಿ ಉಪ್ಪನ್ನು ತಡೆಯುತ್ತದೆ.

5. ತೂತಿನ ಸುತ್ತಲೂ ಪೀಠದ ಕೆಳಗೂ ದೋಣಿಗಳಿಗೆಂದೇ ತಯಾರಿಸಿದ, ಒಣಗಿದ ಮೇಲೂ ಮೃದುವಾಗಿರುವ ಲೇಪವನ್ನೋ ಬ್ಯುಟೈಲ್ ರಬ್ಬರಿನ ಪಟ್ಟಿಯನ್ನೋ ಹಚ್ಚಬೇಕು. ಇದರ ಕೆಲಸ ಅಂಟಿಸುವುದಲ್ಲ. ಎರಡರ ನಡುವೆ ಒತ್ತಿಕೊಂಡು ನೀರನ್ನು ತಡೆಯುವುದು.

6. ಒಡಲಿನ ಒಳಮುಖದಲ್ಲಿ ಪೀಠಕ್ಕಿಂತ ಅಗಲವಾದ ಬೆಂಬಲ ಹಲಗೆಯೊಂದನ್ನಿಟ್ಟು, ಅದರ ಮೇಲೆ ಅಗಲವಾದ ವಾಷರು, ನೈಲಾನ್ ಒಳಪದರವುಳ್ಳ ನಟ್ಟು ಹಾಕಿ ಬಿಗಿಯಬೇಕು. ಬೆಂಬಲ ಹಲಗೆಯು ಸೆಳೆತವನ್ನು ಒಂದು ಬಿಂದುವಿನಲ್ಲಿ ನಿಲ್ಲಿಸದೆ ಅಂಗೈಯಗಲಕ್ಕೆ ಹಂಚುತ್ತದೆ. ಪ್ಲಾಸ್ಟಿಕ್ ಕುಗ್ಗುವಷ್ಟು ಬಿಗಿ ಬೇಡ. ಅಲುಗದಷ್ಟು ಬಿಗಿ ಸಾಕು.

ಕೈ ತಲುಪದ ಕಡೆ ಬೇರೆ ಉಪಾಯಗಳಿವೆ. ರಬ್ಬರು ಕೊಳವೆಯೊಳಗೆ ಹಿತ್ತಾಳೆಯ ನಟ್ಟು ಅಡಗಿರುವ ಒಂದು ಬಗೆಯ ಬೆಣೆಯನ್ನು ತೂತಿನಲ್ಲಿ ಕೂರಿಸಿ ತಿರುಪನ್ನು ಬಿಗಿದರೆ, ಒಳಗಡೆ ರಬ್ಬರು ಉಬ್ಬಿ ಗೋಡೆಯನ್ನು ಹಿಡಿದುಕೊಳ್ಳುತ್ತದೆ, ನೀರನ್ನೂ ತಡೆಯುತ್ತದೆ. ಮೂರು ಕಾಲುಗಳಾಗಿ ಮಡಿಚಿಕೊಳ್ಳುವ ಅಲ್ಯೂಮಿನಿಯಮ್ ರಿವೆಟ್ಟುಗಳೂ ಉಂಟು. ಇವೆರಡೂ ಕೊಂಡಿ, ರಾಟೆಗಳಂತಹ ಮಧ್ಯಮ ಸೆಳೆತಕ್ಕೆ ಸಾಕಾಗುತ್ತವೆ. ಆದರೆ ಅಲ್ಯೂಮಿನಿಯಮ್ಮೂ ಉಕ್ಕೂ ಉಪ್ಪುನೀರಿನಲ್ಲಿ ಒಂದನ್ನೊಂದು ಮುಟ್ಟಿದರೆ ವಿದ್ಯುತ್ಕೋಶದಂತೆ ವರ್ತಿಸಿ, ಅಲ್ಯೂಮಿನಿಯಮ್ ಕ್ರಮೇಣ ಕರಗಿಹೋಗುತ್ತದೆ. ಪ್ರತಿ ಸಲವೂ ಮನೆಗೆ ಬಂದೊಡನೆ ಸಿಹಿನೀರಿನಿಂದ ತೊಳೆಯುವುದನ್ನು ಈ ಕಾರಣದಿಂದ ತಪ್ಪಿಸಬಾರದು.

ಯಾವುದೇ ಸಲಕರಣೆಯನ್ನು ಕಳಚಿ ತೆಗೆದರೆ, ಅದರ ತೂತುಗಳನ್ನು ಅದೇ ದಿನ ಬೋಲ್ಟು, ರಬ್ಬರು ವಾಷರುಗಳಿಂದ ಮುಚ್ಚಬೇಕು. ನೀರಿನ ಮಟ್ಟದಿಂದ ಐದು ಸೆಂಟಿಮೀಟರು ಕೆಳಗಿರುವ, ಆರು ಮಿಲಿಮೀಟರು ಅಗಲದ ಒಂದೇ ತೂತಿನಿಂದ ನಿಮಿಷಕ್ಕೆ ಸುಮಾರು ಒಂದು ಲೀಟರು ನೀರು ಒಳಕ್ಕೆ ಬರುತ್ತದೆ. ಅಂತಹ ನಾಲ್ಕು ತೂತುಗಳಿದ್ದರೆ ಕಾಲು ಗಂಟೆಯಲ್ಲಿ ಅರುವತ್ತು ಲೀಟರು, ಅಂದರೆ ಅರುವತ್ತು ಕಿಲೋ. ಇನ್ನೊಬ್ಬ ಮನುಷ್ಯನನ್ನು ಹತ್ತಿಸಿಕೊಂಡಂತೆಯೇ ಆಯಿತು. ಆ ಮನುಷ್ಯನಾದರೂ ಒಂದು ಕಡೆ ಕೂತಾನು. ನೀರು ದೋಣಿ ವಾಲಿದ ಕಡೆಗೇ ಓಡಿ ಅದನ್ನು ಇನ್ನಷ್ಟು ವಾಲಿಸುತ್ತದೆ. ನನ್ನ ಸೋದರಳಿಯನ ದೋಣಿ ಮಗುಚಿದ ರಹಸ್ಯವೂ ಇದೇ. ಸಣ್ಣದೊಂದು ಕೈಪಂಪನ್ನೂ ಸ್ಪಂಜನ್ನೂ ಜೊತೆಗೆ ಒಯ್ಯುವುದು, ಗಂಟೆಗೊಮ್ಮೆ ಮುಚ್ಚಳ ತೆಗೆದು ಒಳಗೆ ನೋಡುವುದು ಒಳ್ಳೆಯ ಅಭ್ಯಾಸ.

ತೂಕ ಮತ್ತು ಸಮತೋಲ

ಭಾರವಾದುದು ಕೆಳಗೆ, ಮಧ್ಯಕ್ಕೆ, ಸವಾರನ ಸಮೀಪಕ್ಕೆ. ಹಗುರವಾದುದು ಮಾತ್ರ ಮೇಲಕ್ಕೆ ಮತ್ತು ತುದಿಗಳಿಗೆ. ಇದು ಎಲ್ಲ ದೋಣಿಗಳಿಗೂ ಅನ್ವಯಿಸುವ ನಿಯಮ. ಎಪ್ಪತ್ತು ಕಿಲೋ ತೂಕದ ವ್ಯಕ್ತಿಯು ನಾಲ್ಕು ಕಿಲೋ ತೂಕದ ಬ್ಯಾಟರಿಯನ್ನು ಮಧ್ಯರೇಖೆಯಿಂದ 35 ಸೆಂಟಿಮೀಟರು ಪಕ್ಕಕ್ಕೆ ಕೂರಿಸಿದರೆ, ಅದನ್ನು ಸರಿದೂಗಿಸಲು ಅವನು ದಿನವಿಡೀ ಎರಡು ಸೆಂಟಿಮೀಟರು ಎದುರು ಬದಿಗೆ ಸರಿದು ಕೂರಬೇಕಾಗುತ್ತದೆ. ಎರಡು ಸೆಂಟಿಮೀಟರು ಅಲ್ಪವೆನಿಸಬಹುದು. ಆದರೆ ನಾಲ್ಕು ಗಂಟೆಗಳ ಕಾಲ ಸೊಂಟವನ್ನು ಓರೆಯಾಗಿಟ್ಟುಕೊಂಡು ಹುಟ್ಟು ಹಾಕಿದವನ ಬೆನ್ನು ಮಾರನೆಯ ದಿನ ಅದರ ಲೆಕ್ಕವನ್ನು ಒಪ್ಪಿಸುತ್ತದೆ.

ತಯಾರಕರು ತಿಳಿಸಿರುವ ಗರಿಷ್ಠ ಭಾರದಲ್ಲಿ ಸವಾರನ ತೂಕವೂ ಸೇರಿದೆಯೆಂಬುದನ್ನು ಅನೇಕರು ಗಮನಿಸುವುದಿಲ್ಲ. ಆ ಮಿತಿಯ ಮೂರರಲ್ಲಿ ಎರಡು ಪಾಲಿನೊಳಗೆ ಇರುವುದು ಕ್ಷೇಮ. ಅತಿಯಾಸೆ ಗತಿಗೇಡು ಎಂಬ ಮಾತು ಸಲಕರಣೆಗಳಿಗೂ ಸಲ್ಲುತ್ತದೆ.

ಲಂಗರು ಮತ್ತು ಕಟ್ಟುದಾರ

ಲಂಗರನ್ನು ದೋಣಿಯ ಪಕ್ಕಕ್ಕೆ ಕಟ್ಟುವುದು ಅತ್ಯಂತ ಅಪಾಯಕರ. ಹರಿಯುವ ನೀರು ಅಡ್ಡಬಿದ್ದ ದೋಣಿಯ ಅಂಚನ್ನು ಕೆಳಕ್ಕೆ ಎಳೆದು ಕ್ಷಣಮಾತ್ರದಲ್ಲಿ ಮಗುಚುತ್ತದೆ. ಹಗ್ಗವು ದೋಣಿಯ ಮೂತಿಯಿಂದಲೋ ಹಿಂದಿನ ತುದಿಯಿಂದಲೋ ಇಳಿಯಬೇಕು. ಕುಳಿತಲ್ಲಿಂದ ತುದಿಗೆ ಕೈ ಎಟುಕದ ಕಾರಣ, ಅಂಚಿನುದ್ದಕ್ಕೆ ಎರಡು ರಾಟೆಗಳ ನಡುವೆ ಬಳಸಿ ಕಟ್ಟಿದ ಹಗ್ಗವೊಂದನ್ನು ಏರ್ಪಡಿಸಿ, ಅದರ ಉಂಗುರದ ಮೂಲಕ ಲಂಗರಿನ ಹಗ್ಗವನ್ನು ಬೇಕಾದ ತುದಿಗೆ ಸರಿಸುವುದು ವಾಡಿಕೆ. ಹಗ್ಗದ ಕೊನೆಯನ್ನು ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವಂತೆ ಸಿಕ್ಕಿಸಿ, ತೇಲುಬೆಂಡೊಂದನ್ನು ಕಟ್ಟಿರಬೇಕು. ತೊಂದರೆ ಕಂಡೊಡನೆ ಲಂಗರನ್ನು ಬಿಟ್ಟು ದೂರ ಸರಿಯಬಹುದು. ಬೆಂಡು ತೇಲುತ್ತಿರುವುದರಿಂದ ಆಮೇಲೆ ಬಂದು ಎತ್ತಿಕೊಳ್ಳಬಹುದು. ಇನ್ಯೂಟ್ ಬೇಟೆಗಾರನ ತೇಲುಬುರುಡೆಯ ಜಾಣ್ಮೆಯೇ ಇದು. ವೇಗದ ಹರಿವಿನಲ್ಲಿ ಲಂಗರು ಹಾಕದಿರುವುದೇ ವಿವೇಕ.

ಹುಟ್ಟು, ಗಾಳದ ಕೋಲು, ಇಕ್ಕಳಗಳನ್ನು ಗಿಡ್ಡನೆಯ ಸುರುಳಿದಾರದಿಂದ ದೋಣಿಗೆ ಕಟ್ಟಿರಬೇಕು. ಉದ್ದನೆಯ ದಾರ ಬೇಡ. ಮಗುಚಿದಾಗ ಕಾಲಿಗೆ ಸುತ್ತಿಕೊಳ್ಳುತ್ತದೆ. ಸವಾರನು ತನ್ನನ್ನು ಮಾತ್ರ ದೋಣಿಗೆ ಕಟ್ಟಿಕೊಳ್ಳಕೂಡದು. ದಾರಗಳು ಹೆಚ್ಚಾದಷ್ಟೂ ಸಿಕ್ಕಿಕೊಳ್ಳುವ ಭಯವೂ ಹೆಚ್ಚುವುದರಿಂದ, ಒಂದೇ ಕೈಯಿಂದ ತೆಗೆಯಬಹುದಾದ ಚಾಕುವೊಂದನ್ನು ಜಾಕೆಟ್ಟಿನ ಎದೆಯ ಭಾಗದಲ್ಲಿ ಒರೆಸಹಿತ ಸಿಕ್ಕಿಸಿರಬೇಕು.

ಮೀನುಶೋಧಕ ಯಂತ್ರ

ಈ ಯಂತ್ರವು ನೀರಿನೊಳಕ್ಕೆ ಶಬ್ದತರಂಗಗಳನ್ನು ಕಳುಹಿಸಿ ಪ್ರತಿಧ್ವನಿಯನ್ನು ಅಳೆಯುತ್ತದೆ. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,500 ಮೀಟರು. ಹದಿನೈದು ಮೀಟರು ಆಳದ ತಳವನ್ನು ಮುಟ್ಟಿ ಬರಲು ಅದಕ್ಕೆ ಸೆಕೆಂಡಿನ ಐವತ್ತನೆಯ ಒಂದು ಪಾಲು ಸಾಕು. ಪಾಲಿಥಿಲೀನ್ ಗೋಡೆಯ ಮೂಲಕವೂ ಶಬ್ದ ಹಾಯುವುದರಿಂದ, ಶಬ್ದ ಹೊರಡಿಸುವ ಭಾಗವನ್ನು ಒಡಲಿನ ಒಳಗೇ ತಳಕ್ಕೆ ಒತ್ತಿ ಕೂರಿಸಬಹುದು. ನಡುವೆ ಗಾಳಿಯ ಗುಳ್ಳೆ ಉಳಿಯಬಾರದು. ಗಾಳಿಯು ಶಬ್ದವನ್ನು ಹಿಂದಕ್ಕೆ ತಿರುಗಿಸಿಬಿಡುತ್ತದೆ. ಇದರಿಂದ ತಳಕ್ಕೆ ತೂತು ಕೊರೆಯುವ ಪ್ರಮೇಯವೇ ತಪ್ಪುತ್ತದೆ. ಬ್ಯಾಟರಿಯನ್ನು ನೀರು ಹೊಗದ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಅಲುಗದಂತೆ ಪಟ್ಟಿಯಿಂದ ಬಿಗಿದು, ತಂತಿಗೆ ಬ್ಯಾಟರಿಯ ಸಮೀಪದಲ್ಲೇ ಫ್ಯೂಸು ಹಾಕಬೇಕು.

ದೇಹರಕ್ಷಣೆ

ಎಷ್ಟೇ ಬಿಗಿಯಾಗಿ ಜೋಡಿಸಿದರೂ ದೋಣಿ ಒಂದಲ್ಲ ಒಂದು ದಿನ ಮಗುಚಬಹುದು. ಆಗ ಸವಾರನು ಪಕ್ಕದಿಂದ ಹೊಟ್ಟೆಯ ಮೇಲೆ ತೆವಳಿ ಪುನಃ ಹತ್ತಬೇಕಾಗುತ್ತದೆ. ಆದುದರಿಂದ ಒಂದು ಬದಿಯನ್ನಾದರೂ ಹಿಡಿಕೆ, ಕೊಕ್ಕೆಗಳಿಲ್ಲದೆ ಖಾಲಿ ಬಿಟ್ಟಿರಬೇಕು. ಎದೆಗೂ ಮುಖಕ್ಕೂ ತಾಗುವಂತೆ ಲೋಹದ ಮೊನೆಗಳು ಇರಕೂಡದು. ಜೀವರಕ್ಷಕ ಜಾಕೆಟ್ಟನ್ನು ಪೆಟ್ಟಿಗೆಗೆ ಕಟ್ಟಿಡುವುದಲ್ಲ, ಮೈಮೇಲೆ ತೊಟ್ಟಿರುವುದು. ಶಿಳ್ಳೆಯೊಂದನ್ನೂ, ನೀರು ಹೊಗದ ಚೀಲದಲ್ಲಿಟ್ಟ ದೂರವಾಣಿಯನ್ನೂ ಅದರಲ್ಲೇ ಇಟ್ಟುಕೊಳ್ಳುವುದು. ದೋಣಿ ಕೈತಪ್ಪಿ ಹೋದರೂ ಅವು ಸವಾರನ ಬಳಿಯೇ ಉಳಿಯುತ್ತವೆ.

ಗಾಳದ ಕೊಕ್ಕೆಗಳಿಗೆ ಮುಸುಕು ಹಾಕಿಡಬೇಕು. ಕೊಕ್ಕೆಯು ಚರ್ಮಕ್ಕೆ ಆಳವಾಗಿ ಹೊಕ್ಕರೆ, ಅದರ ಹಿಂಮುಳ್ಳಿನಿಂದಾಗಿ ಬಲವಂತದಿಂದ ಎಳೆದಷ್ಟೂ ಗಾಯ ಹೆಚ್ಚುತ್ತದೆ; ದಾರವನ್ನು ಕತ್ತರಿಸಿ ವೈದ್ಯರಲ್ಲಿಗೆ ಹೋಗತಕ್ಕದ್ದು. ಕಣ್ಣಿಗೋ ಕಣ್ಣಿನ ಸಮೀಪಕ್ಕೋ ತಗುಲಿದ್ದರೆ ಮುಟ್ಟದೆ, ಒತ್ತದೆ, ಸಣ್ಣ ಬಟ್ಟಲಿನಂತಹುದನ್ನು ಮರೆಮಾಡಿ ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು. ಧನುರ್ವಾಯುವಿನ ಚುಚ್ಚುಮದ್ದು ಕಾಲಕಾಲಕ್ಕೆ ಆಗಿದೆಯೇ ಎಂದು ಮೊದಲೇ ನೋಡಿಕೊಂಡಿರುವುದು ಮೇಲು.

ಕೊನೆಯದಾಗಿ, ಹೊಸ ಸಲಕರಣೆಯನ್ನು ಜೋಡಿಸಿದ ಮೇಲೆ ನೇರವಾಗಿ ಅಳಿವೆಗೆ ಹೋಗಬಾರದು. ಎದೆಮಟ್ಟದ ಶಾಂತವಾದ ನೀರಿನಲ್ಲಿ, ಈಜು ಬಲ್ಲ ಜೊತೆಗಾರನೊಬ್ಬನನ್ನು ನಿಲ್ಲಿಸಿಕೊಂಡು, ದೋಣಿಯನ್ನು ಬೇಕೆಂದೇ ಮಗುಚಿ ನೋಡಬೇಕು. ಏನೇನು ಬಿತ್ತು, ಏನೇನು ಸಿಕ್ಕಿಕೊಂಡಿತು, ಹತ್ತಲು ಯಾವುದು ಅಡ್ಡಿಯಾಯಿತು, ಒಳಗೆ ಎಷ್ಟು ನೀರು ಸೇರಿತು ಎಂಬ ನಾಲ್ಕು ಪ್ರಶ್ನೆಗಳಿಗೆ ಅಲ್ಲಿ ಉತ್ತರ ದೊರೆಯುತ್ತದೆ. ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿ ಪ್ರಯೋಜನವಿಲ್ಲ.

ನನ್ನ ಸೋದರಳಿಯನು ದೋಣಿಯನ್ನು ಮಾರಲಿಲ್ಲ. ಆ ನಾಲ್ಕು ತೂತುಗಳ ಮೇಲೆಯೇ ಒಳಗಿನಿಂದ ಬೆಂಬಲ ಹಲಗೆ ಕೊಟ್ಟು, ಹೊಸ ಪೀಠವನ್ನು ಕೂರಿಸಿದನು. ತಿಂಗಳಿಗೊಮ್ಮೆ ಪಾನ ಹಿಡಿದು ಒಂದೊಂದೇ ನಟ್ಟನ್ನು ಮುಟ್ಟಿ ನೋಡುವುದು ಈಗ ಅವನ ವ್ರತ. ಹೊರಡುವ ಮುನ್ನ ಎಲ್ಲಿಗೆ ಹೋಗುವೆನು, ಎಷ್ಟು ಗಂಟೆಗೆ ಬರುವೆನು ಎಂದು ಬರೆದ ಚೀಟಿಯನ್ನು ತಾಯಿಯ ಕೈಗೆ ಕೊಟ್ಟು ಹೋಗುತ್ತಾನೆ. ನಮ್ಮ ಸಂಘದ ಇತರ ತರುಣರೂ ಹಾಗೆಯೇ ಮಾಡಲೆಂದೂ, ಹೋದವರೆಲ್ಲರೂ ಮೀನಿನ ಜೊತೆಗೋ ಬರಿಗೈಯಲ್ಲೋ ಸುಖವಾಗಿ ಮನೆ ಸೇರಲೆಂದೂ ಹಾರೈಸುತ್ತೇನೆ.